ಸತ್ಯಾಂಶ: ಹೊರರಾಜ್ಯದಲ್ಲಿ ತಪ್ಪೆಸಗಿದ ವಕೀಲರ ಮೇಲೆ ಇಲ್ಲಿ ದೂರು ಕೊಡಬಹುದೇ?

‘ಹಾಸನದ ವಕೀಲರು ಕೇರಳದ ಕೋರ್ಟಿನಲ್ಲಿ ಕಕ್ಷಿದಾರರ ಹಣ ನುಂಗಿದರೆ ಕರ್ನಾಟಕದಲ್ಲಿ ಕೇಳುವವರಿಲ್ಲ’ ಎಂದು ಹರಿದಾಡುತ್ತಿರುವ ವಾಟ್ಸಾಪ್ ಸಂದೇಶ ಸುಳ್ಳು. 1961ರ ವಕೀಲರ ಕಾಯ್ದೆಯ 35ನೇ ಕಲಂ ನೋಡುವುದು ತಪ್ಪು ನಡೆದ ಊರನ್ನಲ್ಲ, ವಕೀಲರ ಹೆಸರು ಯಾವ ರಾಜ್ಯದ ಪಟ್ಟಿಯಲ್ಲಿದೆ ಎಂಬುದನ್ನು. ವಕಾಲತ್ತಿನಲ್ಲಿ (ವಕೀಲರನ್ನು ನೇಮಿಸುವ ಪತ್ರ) ಇರುವ ನೋಂದಣಿ ಸಂಖ್ಯೆ ‘ಕೆಎಆರ್’ (KAR, ಅಂದರೆ ಕರ್ನಾಟಕ) ಎಂದು ಶುರುವಾದರೆ ದೂರು ಹೋಗಬೇಕಾದದ್ದು ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ. ಹಾಸನದ ವಕೀಲರ ಸಂಘಕ್ಕೆ ದೂರು ಕೊಟ್ಟು ಕಾದರೆ ಸಾಲದು. ಸಂಘಕ್ಕೆ ಸನ್ನದು (ವಕೀಲಿ ವೃತ್ತಿಯ ಪರವಾನಗಿ) ರದ್ದುಮಾಡುವ ಅಧಿಕಾರವೇ ಇಲ್ಲ.

ವಕಾಲತ್ತಿನ ಪ್ರತಿ, ಹಣ ಕೊಟ್ಟ ರಸೀದಿ, ಹೊರರಾಜ್ಯದ ಕೋರ್ಟ್ ಆದೇಶದ ದೃಢೀಕೃತ ನಕಲು ಜೊತೆಗಿರಲಿ. ಕೇಸು ಸೋತದ್ದಷ್ಟೇ ದುರ್ನಡತೆಯಾಗದು. ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ದುರ್ನಡತೆಗಾಗಿ ಅಮಾನತಾದ ವಕೀಲರು ಆ ಅವಧಿಯಲ್ಲಿ ದೇಶದ ಯಾವ ಕೋರ್ಟಿನಲ್ಲೂ ವಾದಿಸುವಂತಿಲ್ಲ.