ಕಲ್ಲಿನ ಜೊತೆ ಒಂದು ಚೀಟಿ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಗಾಜಿನ ಭರಣಿ ಇದೆ. ಅದರ ತುಂಬ ಜೇನಿನ ಬಣ್ಣದ, ಬೆರಳುದ್ದದ ಕಲ್ಲುಗಳು. ಮನೆಗೆ ಬಂದವರು ಎತ್ತಿ ನೋಡುತ್ತಾರೆ. "ಬಳಪ ಇದ್ದ ಹಾಗಿದೆ" ಅನ್ನುವವರುಂಟು. "ಬಂದೂಕಿನ ಗುಂಡಾ?" ಅಂತ ಕೇಳುವವರೂ ಉಂಟು. ಎರಡೂ ಅಲ್ಲ. ಅವು ಬೆಲೆಮ್ನೈಟ್ ಪಳೆಯುಳಿಕೆಗಳು. 7 ಕೋಟಿ ವರ್ಷಕ್ಕೂ ಹಿಂದೆ ಕಡಲಿನಲ್ಲಿ ಈಜಿಕೊಂಡಿದ್ದ ಪ್ರಾಣಿಯ ಮೈಯೊಳಗಿನ ಗಟ್ಟಿ ಭಾಗ. ಎಲ್ಲರೂ ಚೆಂದ ಇದೆ ಅನ್ನುತ್ತಾರೆ. ನನಗೆ ಮಾತ್ರ ಆ ಭರಣಿ ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ನಾವಿರುವುದು ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ನಾರ್ವಿಚ್‌ನಲ್ಲಿ. ಈ ಊರಿನ ಕೆಳಗೆ ಇರುವುದು ಸೀಮೆಸುಣ್ಣ. ಶಾಲೆಯಲ್ಲಿ ಎಷ್ಟು ಸಲ ಆಡಿದ ಮಾತು, ಅದರ ಅರ್ಥ ಹೊಳೆದದ್ದು ಇಲ್ಲಿಗೆ ಬಂದ ಮೇಲೆ. ಸೀಮೆಎಣ್ಣೆ, ಸೀಮೆಬದನೆ ಇದ್ದ ಹಾಗೆ ಇದೂ ಸೀಮೆಯಿಂದ ಬಂದ ಸುಣ್ಣ! ಹಿಂದಿನವರು ಸುಣ್ಣಕ್ಕೂ ಚಕಮಕಿ ಕಲ್ಲಿಗೂ ಅಂತ ಊರಿನ ಅಡಿಯಲ್ಲಿ ಸುರಂಗ ತೋಡಿದ್ದರು. 1988ರಲ್ಲಿ ಅರ್ಲಮ್ ರೋಡಿನಲ್ಲಿ ಅಂಥದೊಂದು ಸುರಂಗ ಕುಸಿದು, ಡಬಲ್ ಡೆಕರ್ ಬಸ್ಸಿನ ಹಿಂಭಾಗ ರಸ್ತೆಯೊಳಗೆ ಇಳಿದುಬಿಟ್ಟಿತ್ತು. ಇಲ್ಲಿನ ಹಳಬರು ಇವತ್ತಿಗೂ ಆ ಕಥೆ ಹೇಳುತ್ತಾರೆ.

ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಬಿಲ್ಲೆಗಳು ಕಡಲ ತಳಕ್ಕೆ ಉದುರಿ, ಕೋಟಿಗಟ್ಟಲೆ ವರ್ಷ ಪೇರಿಕೊಂಡು ಆದ ಕಲ್ಲು ಇದು. ಅದೇ ನೀರಿನಲ್ಲಿ ಬೆಲೆಮ್ನೈಟ್‌ಗಳೂ ಇದ್ದವು. ಮಲ್ಪೆಯ ಮೀನು ಮಾರುಕಟ್ಟೆಯಲ್ಲಿ ಬೊಂಡಾಸ್ ನೋಡಿದ್ದೀರಲ್ವಾ? ಹೆಚ್ಚುಕಡಿಮೆ ಅದೇ ಆಕಾರ ಅಂದುಕೊಳ್ಳಿ. ಹತ್ತು ತೋಳು, ತೋಳಿನ ಮೇಲೆ ಪುಟ್ಟ ಕೊಕ್ಕೆಗಳು, ಒಳಗೆ ಶಾಯಿಯ ಚೀಲ. ಬಾಲದ ಕಡೆ ಈ ಗಟ್ಟಿ ಮೊಳೆ. ಮೆತ್ತನೆಯದೆಲ್ಲ ಕೊಳೆತು ಹೋಯಿತು, ಮೊಳೆ ಉಳಿಯಿತು. ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇರುವ ಗಂಡಕಿ ನದಿಯ ಸಾಲಿಗ್ರಾಮ ಇದೆಯಲ್ಲ, ಅದರೊಳಗಿನ ಸುರುಳಿ ಅಮೋನೈಟ್ ಎಂಬ ಪ್ರಾಣಿಯದು. ಬೆಲೆಮ್ನೈಟ್ ಅದಕ್ಕೆ ದಾಯಾದಿ. ಇಲ್ಲಿನ ಹಳ್ಳಿಯವರು ಹಿಂದೆ ಇದನ್ನು ಸಿಡಿಲು ಬಡಿದಾಗ ನೆಲಕ್ಕೆ ಇಳಿದ ಕಲ್ಲು ಅಂದುಕೊಂಡಿದ್ದರು. ಡೆನ್ಮಾರ್ಕಿನಲ್ಲಿ ಇದರ ಹೆಸರು ವೆಟ್ಟೆಲಿಸ್, ಅಂದರೆ ಭೂತಗಳ ದೀಪ. ಬೆಳಕಿಗೆ ಹಿಡಿದರೆ ತುದಿ ಬೆಲ್ಲದ ಪಾಕದ ಹಾಗೆ ಹೊಳೆಯುತ್ತದೆ. ಆ ಹೆಸರಿಟ್ಟವರು ಇದನ್ನು ಸರಿಯಾಗಿ ನೋಡಿದ್ದರು ಅನಿಸುತ್ತದೆ.

ನಾನೂ ಮಗಳೂ ಹೋಗುವುದು ವೆಸ್ಟ್ ರಂಟನ್ ಕಡಲ ದಂಡೆಗೆ. ನಾರ್ವಿಚ್‌ನಿಂದ ರೈಲು ಇದೆ. ಇಳಿದು ಸ್ವಲ್ಪ ನಡೆದರೆ ಕಡಲು. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದರೆ ಕೆಳಗಿನ ಸುಣ್ಣದ ಹಾಸು ಬರಿಮೈಯಾಗಿ ಕಾಣುತ್ತದೆ. ಅಲ್ಲಲ್ಲಿ ಹಂಡೆಯ ಬಾಯಿಯಂಥ ದೊಡ್ಡ ದೊಡ್ಡ ಚಕಮಕಿ ಉಂಗುರಗಳು, ಪಾರಮೌಡ್ರಾ ಅಂತಾರೆ. ಬೆಲೆಮ್ನೈಟ್ ಹುಡುಕಲು ಬಗ್ಗಿ ನಿಧಾನ ನಡೆಯಬೇಕು. ಬಿಳಿ ಸುಣ್ಣ, ಕಪ್ಪು ಚಕಮಕಿ, ಇವೆರಡರ ನಡುವೆ ಕಂದು ಬಣ್ಣದ ನುಣುಪು ಏನಾದರೂ ಕಂಡರೆ ನಿಲ್ಲಿ. ಮುರಿದ ತುಂಡಾದರೆ ಇನ್ನೂ ಸುಲಭ. ಮುರಿದ ಕಡೆ ನೋಡಿದರೆ ಅಡ್ಡಕ್ಕೆ ಹೆಚ್ಚಿದ ನಿಂಬೆಹಣ್ಣಿನ ಹಾಗೆ ನಡುವಿನಿಂದ ಸುತ್ತಲೂ ಗೆರೆಗಳು ಇರುತ್ತವೆ. ಇಡೀ ಸಿಕ್ಕರೆ ತುದಿಯಲ್ಲಿ ಒಂದು ಪುಟ್ಟ ಮುಳ್ಳು ಇದೆಯಾ ನೋಡಿ. ಇದ್ದರೆ ಅದು ಬಹುಶಃ ಬೆಲೆಮ್ನಿಟೆಲ್ಲಾ ಮ್ಯೂಕ್ರೊನೇಟಾ ಎಂಬ ಜಾತಿ. ಆ ಮುಳ್ಳಿನಿಂದಲೇ ಅದಕ್ಕೆ ಆ ಹೆಸರು.

ಮನೆಗೆ ತಂದ ಮೇಲೆ ಸಿಹಿನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದರೆ ಸಾಕು. ವಿನೆಗರ್ ಹಾಕಬೇಡಿ. ಇದು ಸುಣ್ಣದ ಕಲ್ಲೇ, ನೊರೆ ಬಂದು ಕರಗುತ್ತದೆ.

ಈಗ ಭರಣಿಯ ವಿಷಯ. ಮೊದಲ ಎರಡು ವರ್ಷ ಸಿಕ್ಕಿದ್ದನ್ನೆಲ್ಲ ಅದರೊಳಗೆ ಹಾಕುತ್ತಾ ಹೋದೆ. ವೆಸ್ಟ್ ರಂಟನ್‌ನದೂ ಅದರಲ್ಲೇ, ಅದೇ ಕರಾವಳಿಯ ಸೈಡ್‌ಸ್ಟ್ರಾಂಡ್‌ನದೂ ಅದರಲ್ಲೇ. ಒಮ್ಮೆ ಪಳೆಯುಳಿಕೆ ಬಲ್ಲ ಹಿರಿಯರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಒಂದೊಂದನ್ನೇ ಕೈಗೆತ್ತಿಕೊಂಡು ಕೇಳಿದ್ದು ಒಂದೇ ಮಾತು: "ಇದು ಎಲ್ಲಿ ಸಿಕ್ಕಿತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ, ಸುಮ್ನೆ ಭರಣಿಯ ಮುಚ್ಚಳ ಹಾಕಿ ವಾಪಸ್ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ಓದಿ ತಿಳಿದುಕೊಂಡೆ. ಸೈಡ್‌ಸ್ಟ್ರಾಂಡ್, ಟ್ರಿಮಿಂಗ್ಯಮ್ ಹತ್ತಿರದ ಸುಣ್ಣ ಹಿಮಯುಗದ ಹಿಮ ತಳ್ಳಿ ತಂದ ಭಾರಿ ತುಂಡುಗಳು. ಅದು ವೆಸ್ಟ್ ರಂಟನ್ ಸುಣ್ಣಕ್ಕಿಂತ ಎಳೆಯದು, ಈ ದೇಶದ ಅತಿ ಎಳೆಯ ಸೀಮೆಸುಣ್ಣ ಇರುವುದು ಅಲ್ಲೇ. ಬೆಲೆಮ್ನೈಟ್ ಜಾತಿಗಳೂ ಬದಲಾಗುತ್ತವೆ. ಯಾವ ಪದರ ಯಾವ ಕಾಲದ್ದು ಅಂತ ಭೂವಿಜ್ಞಾನಿಗಳು ಗುರುತಿಸುವುದೇ ಇಂಥ ಪಳೆಯುಳಿಕೆಗಳಿಂದ. ಒಂದು ಗಂಟೆಯ ದಾರಿಯೂ ಇಲ್ಲದ ಎರಡು ದಂಡೆಗಳ ನಡುವೆ ಲಕ್ಷಗಟ್ಟಲೆ ವರ್ಷಗಳ ಅಂತರ ಇತ್ತು. ನಾನು ಅದನ್ನು ಒಂದೇ ಭರಣಿಯಲ್ಲಿ ಕಲಸಿಬಿಟ್ಟಿದ್ದೆ.

ಇನ್ನೊಂದು ಸಂಗತಿ ಕೇಳಿ. 1951ರಲ್ಲಿ ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ ಮತ್ತು ಜೊತೆಯವರು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಒಂದು ಬೆಲೆಮ್ನೈಟ್ ತಗೊಂಡು, ಮರದ ಉಂಗುರಗಳಂಥ ಅದರ ಪದರಗಳಲ್ಲಿ ಆಮ್ಲಜನಕದ ಐಸೊಟೋಪ್‌ಗಳ, ಅಂದರೆ ಅದರ ಹಗುರ ಮತ್ತು ಭಾರದ ಬಗೆಗಳ, ಪ್ರಮಾಣ ಅಳೆದರು. ನೀರು ಬೆಚ್ಚಗಾದರೆ, ತಣ್ಣಗಾದರೆ ಆ ಪ್ರಮಾಣ ಬದಲಾಗುತ್ತದೆ. ಆ ಪ್ರಾಣಿ ಎಳೆತನ ಕಳೆದ ಮೇಲೆ ಮೂರು ಬೇಸಿಗೆ, ನಾಲ್ಕು ಚಳಿಗಾಲ ಕಂಡಿತ್ತು, ಸುಮಾರು ನಾಲ್ಕು ವರ್ಷ ಬದುಕಿ ವಸಂತದಲ್ಲಿ ಸತ್ತಿತ್ತು ಅಂತ ಲೆಕ್ಕ ಸಿಕ್ಕಿತು. ಓದಿದಾಗ ನನಗೆ ಮೈ ಜುಮ್ಮೆಂದಿತು. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಪೀ ಡೀ ಎಂಬಲ್ಲಿನ ಬೆಲೆಮ್ನೈಟ್ ಅಂತೂ ಇಂಥ ಅಳತೆಗೆಲ್ಲ ಮಾನದಂಡವೇ ಆಯಿತು. ಆ ಮಾದರಿ ಮುಗಿದುಹೋಗಿ ದಶಕಗಳಾದರೂ ಅದರ ಹೆಸರು ಇನ್ನೂ ಉಳಿದಿದೆ. ಉಳಿದಿರುವುದು ಜಾಗದ ಹೆಸರು, ಗಮನಿಸಿ.

ದಂಡೆಯಿಂದ ಏನನ್ನೂ ಎತ್ತಲೇಬಾರದು ಅನ್ನುವ ಗೆಳೆಯರಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಸುಣ್ಣದಿಂದ ಕಳಚಿ ಬಿದ್ದ ಬೆಲೆಮ್ನೈಟನ್ನು ಅಲೆಗಳು ಚಕಮಕಿಯ ನಡುವೆ ಅರೆದು ಪುಡಿ ಮಾಡುತ್ತವೆ. ಅದನ್ನು ಎತ್ತಿ ಉಳಿಸುವುದು ಒಳ್ಳೆಯದೇ. ಆದರೆ ಸುತ್ತಿಗೆ ಉಳಿ ಹಿಡಿದು ಸುಣ್ಣದ ಹಾಸನ್ನೇ ಒಡೆಯುವವರನ್ನು ಕಂಡರೆ ನನಗೆ ತಡೆಯಲು ಆಗುವುದಿಲ್ಲ. ಆ ದಂಡೆಗೆ ಕಾನೂನಿನ ರಕ್ಷಣೆ ಇದೆ, ಅಷ್ಟೇ ಅಲ್ಲ, ಒಡೆದ ಹಾಸು ಮತ್ತೆ ಕೂಡುವುದಿಲ್ಲ. ಚೀಲ ತುಂಬಿಸಿಕೊಂಡು ಹೋಗುವವರದ್ದೂ ಅದೇ ಕಥೆ. ಐವತ್ತು ಯಾಕೆ ಬೇಕು? ಚೆನ್ನಾಗಿ ಗುರುತು ಹಾಕಿದ ಎರಡು ಸಾಕಾಗುವುದಿಲ್ವಾ? ಇಲ್ಲಿನ ಬಂಡೆಗೋಡೆ ಮಣ್ಣಿನದು, ಮಳೆ ಬಂದ ಮೇಲೆ ಜಾರುತ್ತದೆ. ಮಕ್ಕಳನ್ನು ಅದರ ಬುಡಕ್ಕೆ ಬಿಡಬೇಡಿ. ಭರತದ ವೇಳೆ ನೋಡಿಕೊಳ್ಳದೆ ಇಳಿಯಲೂಬೇಡಿ.

ಕರ್ನಾಟಕದಲ್ಲಿ ಎಲ್ಲಿ ಸಿಗುತ್ತದೆ ಅಂತ ಅಣ್ಣ ಫೋನಿನಲ್ಲಿ ಕೇಳಿದ. ನಮ್ಮ ಕಲ್ಲುಗಳು ಹೆಚ್ಚಿನವು ತುಂಬಾ ಹಳೆಯವು. ಲಾಲ್‌ಬಾಗ್ ಬಂಡೆಗೇ ಸುಮಾರು 300 ಕೋಟಿ ವರ್ಷ. ಆಗ ಇಂಥ ಪ್ರಾಣಿಗಳೇ ಇರಲಿಲ್ಲ. ಹತ್ತಿರ ಅಂದರೆ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ. ಅಲ್ಲಿ ಸೀಮೆಸುಣ್ಣ ಇಲ್ಲ, ಜೇಡಿಯ ನೆಲ. ಮಳೆ ಕೊರೆದ ಆ ಕೊರಕಲುಗಳಲ್ಲಿ ಇನ್ನೂ ಹಳೆಯ ಕಾಲದ ಬೆಲೆಮ್ನೈಟ್‌ಗಳಿವೆ.

ಈಗ ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಜಾಗ, ತಾರೀಕು, ಸುಣ್ಣದಲ್ಲೇ ಇತ್ತಾ ಇಲ್ಲ ಮರಳಿನ ಮೇಲೆ ಬಿದ್ದಿತ್ತಾ, ಇಷ್ಟನ್ನೂ ಬರೆದು ಚೀಟಿ ಮಾಡಿ ಸಣ್ಣ ಡಬ್ಬಿಗೆ ಹಾಕುತ್ತಾಳೆ. ಹಳೆಯ ಭರಣಿ ಏನು ಮಾಡೋಣ ಅಮ್ಮಾ ಅಂತ ಕೇಳಿದಳು. ಅದಕ್ಕೂ ಒಂದು ಚೀಟಿ ಬರೆದು ಅಂಟಿಸಿದ್ದೇವೆ: "ನಾರ್ಫೋಕ್ ಕರಾವಳಿ. ಜಾಗ ಗೊತ್ತಿಲ್ಲ."

ನಿಮ್ಮಲ್ಲಿ ಯಾರಾದರೂ ಕಾರೈಗೆ ಹೋಗಿ ಬಂದಿದ್ದರೆ, ಮನೆಯ ಯಾವುದಾದರೂ ಡ್ರಾಯರಿನಲ್ಲಿ ಇಂಥ ಕಲ್ಲು ಬಿದ್ದಿದ್ದರೆ, ಇವತ್ತೇ ತೆಗೆದು ನೋಡಿ. ಎಲ್ಲಿ ಎತ್ತಿಕೊಂಡಿರಿ ಅನ್ನುವುದು ಇನ್ನೂ ನೆನಪಿದೆಯಾ?