25 ದಿನ ದಾಟಿದರೆ ವಿಳಂಬ ಪುಕ್ಕಟೆ

ಕಲಬುರಗಿ ಜಿಲ್ಲೆಯ ಒಂದು ನಾಡಕಚೇರಿ. ಯಾವ ಊರು ಅಂತ ಕೇಳಬೇಡಿ, ನನಗೆ ಮುಂದಿನ ವರ್ಷವೂ ಅಲ್ಲಿ ಕೆಲಸ ಇದೆ. ಮಗಳ ಕಾಲೇಜಿಗೆ ಆದಾಯ ಪ್ರಮಾಣಪತ್ರ ಬೇಕಾಗಿ, ಮೇ ತಿಂಗಳ ಬಿಸಿಲು ಏರುವ ಮೊದಲೇ ಹೋದೆ. ಬಾಗಿಲ ಮುಂದಿನ ಶಹಾಬಾದ್ ಫರ್ಸಿಯ ಮೇಲೆ ಆಗಲೇ ಹದಿನಾಲ್ಕು ಜೊತೆ ಚಪ್ಪಲಿ ಸಾಲಾಗಿ ನಿಂತಿದ್ದವು. ಅವುಗಳ ಮಾಲೀಕರು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದರು. ನನ್ನದನ್ನೂ ಹದಿನೈದನೆಯದಾಗಿ ಬಿಟ್ಟು ನೆರಳು ಸೇರಿದೆ. ಈ ಚಪ್ಪಲಿ ವ್ಯವಸ್ಥೆಗೆ ಪಾಸ್‌ವರ್ಡ್ ಬೇಡ, ಬ್ಯಾಟರಿ ಬೇಡ. ನಾನು ಕಂಡಂತೆ ಒಂದು ದಿನವೂ ಡೌನ್ ಆಗಿಲ್ಲ.

ಒಳಗೆ ಆಪರೇಟರ್ ಒಬ್ಬನೇ. ಇಡೀ ಹೋಬಳಿಯ ಮಾಹಿತಿ ತಂತ್ರಜ್ಞಾನ ಎಂದರೆ ಅವನೇ. ಅರ್ಜಿ ಟೈಪ್ ಮಾಡುವವನು, ಪ್ರಿಂಟರ್ ನುಂಗಿದ ಹಾಳೆಯನ್ನು ಎಳೆದು ತೆಗೆಯುವವನು, ಯುಪಿಎಸ್ ಕುಂಯ್ಗುಟ್ಟಿದರೆ ಅದರ ನೆತ್ತಿಗೆ ಎರಡು ಬಡಿಯುವವನು. ಹೊರಗುತ್ತಿಗೆಯ ಹುಡುಗ.

‘ನಮ್ಮ ಭಾಗದವ್ರಿಗಿ ಸಂವಿಧಾನದ 371ಜೆ ಒಳಗ ನೇಮಕಾತಿ ಮೀಸಲಾತಿ ಅದಲ್ಲೋ ತಮ್ಮಾ’ ಎಂದೆ.

‘ಪೋಸ್ಟೇ ಇಲ್ಲದ ಮ್ಯಾಲ ಮೀಸಲಾತಿ ತಗೊಂಡು ಏನ್ ಮಾಡ್ಲಿ ಕಾಕಾ?’

‘ಸರ್ವರ್ ಬಂತಾ?’

‘ಬಂದಿತ್ತು, ಹೋಯ್ತು. ನೀವು ಚಹಾ ಕುಡೀಲಿಕ್ಕ ಹೋಗಿದ್ರಿ.’

ಮರದಡಿ ಬೇರೆ ಕೆಲಸವಿಲ್ಲದ್ದರಿಂದ, ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಎನ್ನುವ ಸಕಾಲ ಕಾಯ್ದೆಯ ಲೆಕ್ಕ ಹಾಕುತ್ತ ಕೂತೆ. 2012ರಿಂದ ನಮಗೆ ಅದರ ಆಸರೆ ಇದೆ. ಅರ್ಜಿ ಕೊಟ್ಟರೆ 15 ಅಂಕಿಯ ನಂಬರು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅಂದರೆ 25 ದಿನಕ್ಕೆ ಖಾತೆ ಚುಕ್ತಾ. ಇಪ್ಪತ್ತಾರನೆಯ ದಿನದಿಂದ ವಿಳಂಬ ಪುಕ್ಕಟೆ. ಆದರೆ ಆ ಭಾಗ್ಯ ಒದಗಬೇಕಾದರೂ ಮೊದಲು ನಂಬರು ಬೀಳಬೇಕು. ನಂಬರು ಬೀಳಲು ಅರ್ಜಿ ಕಂಪ್ಯೂಟರಿನೊಳಗೆ ಹೋಗಬೇಕು. ಅದು ಹೋಗಲು ಸರ್ವರ್ ಬರಬೇಕು. ಅಲ್ಲಿಯವರೆಗೆ ಸರ್ಕಾರದ ಲೆಕ್ಕದಲ್ಲಿ ನಾವ್ಯಾರೂ ಇಲ್ಲಿಗೆ ಬಂದೇ ಇಲ್ಲ, ಚಪ್ಪಲಿ ಬಿಟ್ಟೇ ಇಲ್ಲ. ಸರ್ವರ್ ಮೂರು ದಿನ ಮಲಗಿದರೆ ಮೂರು ದಿನವೂ ತಡವಾದ ಹೊಸ ಅರ್ಜಿ ಸೊನ್ನೆ. ಪೂರ್ತಿ ಸತ್ತೇ ಹೋದರೆ ರಾಜ್ಯಕ್ಕೇ ನಮ್ಮ ಹೋಬಳಿ ಮೊದಲು.

ಹೀಗಿದ್ದರೂ ಮೇಲಿನವರಿಗೆ ನಮ್ಮ ದಕ್ಷತೆ ಸಾಲದು ಅನ್ನಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗನ ಮೊಬೈಲಿಗೆ ವಾಟ್ಸ್ಆ್ಯಪ್‌ನಲ್ಲಿ ಆದೇಶ ಬಂತು: ಸರ್ವರ್ ಇಲ್ಲದ ಅವಧಿಯ ವರದಿಯನ್ನು ಆನ್‌ಲೈನ್‌ನಲ್ಲಿಯೇ ಸಲ್ಲಿಸತಕ್ಕದ್ದು. ಹತ್ತು ನಿಮಿಷಕ್ಕೆ ಇನ್ನೊಂದು: ನಾಳೆಯಿಂದ ಎರಡು ದಿನ ತಾಲ್ಲೂಕಿನಲ್ಲಿ ಸೇವಾ ದಕ್ಷತೆ ಹೆಚ್ಚಿಸುವ ತರಬೇತಿ, ಆಪರೇಟರುಗಳು ತಪ್ಪದೆ ಹಾಜರಿರತಕ್ಕದ್ದು. ಹುಡುಗ ಒಂದು ಹಾಳೆಗೆ ‘ತರಬೇತಿ ನಿಮಿತ್ತ ಎರಡು ದಿನ ಸೇವೆ ಇರುವುದಿಲ್ಲ’ ಎಂದು ಬಾಲ್‌ಪೆನ್ನಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದ. ಪ್ರಿಂಟರ್ ಆಗ ಇನ್ನೊಂದು ಹಾಳೆ ಕಚ್ಚಿಕೊಂಡಿತ್ತು.

2023ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಐಟಿ-ಬಿಟಿ ಎರಡೂ ಖಾತೆ ನಮ್ಮ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆಯವರಿಗೇ ಸಿಕ್ಕಾಗ, ಇನ್ನು ಹಳ್ಳಿಗೂ ಐಟಿಗೂ ನಡುವೆ ಒಂದು ಫೈಲಿನಷ್ಟೂ ದೂರ ಉಳಿಯಲಿಲ್ಲ ಎಂದು ನಾನು ಹಿಗ್ಗಿದ್ದೆ. ನಾಡಕಚೇರಿ ಕಂದಾಯ ಇಲಾಖೆಯದು ಅನ್ನುವುದು ಆಮೇಲೆ ನೆನಪಾಯಿತು.

ಐದೂ ಕಾಲಿಗೆ ಸರ್ವರ್ ಬಂತು. ಹುಡುಗ ಎದ್ದು ನಿಂತು ‘ಬರ್ರಿ ಬರ್ರಿ’ ಎಂದು ಕೂಗಿದ. ಇಬ್ಬರ ಅರ್ಜಿ ಒಳಹೋಯಿತು, ಮೂರನೆಯವರ ಹೆಸರು ಅರ್ಧ ಟೈಪಾಗುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್‌ಗೆ ಬಡಿದದ್ದೂ ಆಯಿತು.

ಜನ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮೂರನೆಯ ಜೊತೆಯ ಮಾಲೀಕ, ಎಂಬತ್ತು ದಾಟಿದ ಮುತ್ಯಾ, ತನ್ನದನ್ನು ಮುಟ್ಟಲಿಲ್ಲ. ಸಾಲಿನ ಮೊದಲಿಗೆ ಸರಿಸಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟ.

‘ಮುತ್ಯಾ, ಚಪ್ಪಲಿ?’ ಎಂದೆ.

‘ಇರ್ಲಿ ಬಿಡು. ಈಗ ನಂದೇ ಫಸ್ಟ್ ನಂಬರ’ ಎಂದವನೇ ಬರಿಗಾಲಲ್ಲಿ ಊರಿನ ದಾರಿ ಹಿಡಿದ.