ಡಾರ್ವಿನ್ ಸಾಯುವಾಗ ಮನಸ್ಸು ಬದಲಿಸಿದರಾ? ಇಲ್ಲ
ಕಣದಲ್ಲಿ ಕಾಫಿ ಹರವುತ್ತಿದ್ದಾಗ ನಮ್ಮ ವಿರಾಜಪೇಟೆ ಚರ್ಚ್ ಗುಂಪಿನ ಮೆಸೇಜ್ ನನಗೂ ಬಂತು: 'ಸಾಯುವ ಮುಂಚೆ ಡಾರ್ವಿನ್ ವಿಕಾಸವಾದ ಸುಳ್ಳು ಅಂತ ಒಪ್ಪಿ ಯೇಸುವನ್ನು ನಂಬಿದರು.' ಇದು ನಿಜವಲ್ಲ.

ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ಲೇಡಿ ಹೋಪ್ ಎಂಬಾಕೆ ಹೇಳಿದ ಈ ಕಥೆ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದು 1915ರಲ್ಲಿ. 33 ವರ್ಷ ಬಿಟ್ಟು! ಕೊನೆಗಳಿಗೆಯಲ್ಲಿ ತಂದೆಯ ಪಕ್ಕದಲ್ಲೇ ಇದ್ದ ಮಗಳು ಹೆನ್ರಿಯೆಟಾ 1922ರಲ್ಲಿ ಇದನ್ನು ಸಾರಾಸಗಟಾಗಿ ಅಲ್ಲಗಳೆದರು.

ಅಷ್ಟಕ್ಕೂ ಸುಮ್ನೆ ಇಂಥ ಕಥೆ ಯಾಕೆ ಬೇಕು? ದೇವರನ್ನು ಗಾಢವಾಗಿ ನಂಬುವವರು ವಿಕಾಸವಾದವನ್ನೂ ಒಪ್ಪಬಹುದು, ಅದರಲ್ಲಿ ಅನುಮಾನವೇ ಬೇಡ ಅಂತ ಡಾರ್ವಿನ್ನೇ 1879ರ ಪತ್ರದಲ್ಲಿ ಬರೆದಿದ್ದರು. ಅವರ ಗೆಳೆಯ, ಸಸ್ಯವಿಜ್ಞಾನಿ ಏಸಾ ಗ್ರೇ ಎರಡನ್ನೂ ಒಪ್ಪಿದ್ದ ಕ್ರೈಸ್ತ. ವಿಕಾಸವಾದ ಬರೀ ಊಹೆಗಿಂತ ಜಾಸ್ತಿ ಅಂತ 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೂಡ ಹೇಳಿದ್ದರು, ಅಲ್ವಾ?

ಫಾರ್ವರ್ಡ್ ಮಾಡಿದವರು ದಯವಿಟ್ಟು ಅಳಿಸಿಬಿಡಿ.